ಕೆಂಪು ಧೂಳಿಗೆ ಬೂದು ಬಣ್ಣ

ಹೋದ ವರ್ಷ ಬೆಂಗಳೂರಿನಲ್ಲಿ ಒಂದು ಶನಿವಾರ, ಗೇಮ್ ಮಾಡೋ ಹುಚ್ಚಿರುವ ಹತ್ತಿಪ್ಪತ್ತು ಜನ ಸೇರುವ ಕಡೆ, ನಾನು ಮತ್ತು ನನ್ನ ಇಬ್ಬರು ಗೆಳೆಯರು ಒಂದು ಪುಟ್ಟ ಗೇಮ್ ತಗೊಂಡು ಹೋಗಿದ್ದೆವು. ಆಫೀಸ್ ಕೆಲಸ ಮುಗಿಸಿ, ರಾತ್ರಿ ಕಣ್ಣು ಉರಿಸಿಕೊಂಡು, ಎಂಟು ತಿಂಗಳಲ್ಲಿ ಮಾಡಿದ್ದು. ಕಥೆ ಇಷ್ಟೆ: ಎಲ್ಲೋ ದೂರದ ಒಂದು ಗ್ರಹ. ಅಲ್ಲೊಂದು ದೊಡ್ಡ ಗಣಿ. ಗಣಿ ನಡೆಸೋದು ಒಂದು ಕಂಪನಿ. ಕೆಟ್ಟುಹೋದ ಯಂತ್ರ ರಿಪೇರಿ ಮಾಡಲು ರೇ ಅನ್ನೋ ಎಂಜಿನಿಯರ್ ಬಂದಿಳಿಯುತ್ತಾನೆ. ಬಂದು ನೋಡಿದರೆ ಗಣಿಯಲ್ಲಿ ಒಬ್ಬ ನರಪಿಳ್ಳೆಯೂ ಇಲ್ಲ.

ಹತ್ತು ನಿಮಿಷ ಆಡಿದ ಒಬ್ಬ ಹುಡುಗ ಹೆಡ್‌ಫೋನ್ ತೆಗೆದಿಟ್ಟು, "ಬ್ರೋ, ಇದು ಡೆಡ್ ಸ್ಪೇಸ್ ಕಾಪಿ" ಅಂದ. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಶುರು ಮಾಡಿದರು: "ಹೊರಗಿನವರದ್ದು ಯಾಕ್ರೀ ಕದೀತೀರಾ? ನಮ್ಮ ಪುರಾಣಗಳಲ್ಲಿ ಇಲ್ಲದ್ದು ಏನಿದೆ? ಪುಷ್ಪಕ ವಿಮಾನ ಇಲ್ವಾ? ಬ್ರಹ್ಮಾಸ್ತ್ರ ಇಲ್ವಾ? ಒರಿಜಿನಲ್ಲಾಗಿ ಏನಾದ್ರೂ ಮಾಡಿ."

ನಾನು ಇಬ್ಬರಿಗೂ ಹಲ್ಲು ಕಿರಿದು, "ಹೌದು ಸರ್, ಸರಿ ಸರ್" ಅಂತ ತಲೆಯಾಡಿಸಿ ಲ್ಯಾಪ್‌ಟಾಪ್ ಮುಚ್ಚಿದೆ. ಸಿಟ್ಟು ಬಂದದ್ದು ಮೆಟ್ರೋದಲ್ಲಿ ಕೂತ ಮೇಲೆ. ಆ ಸಿಟ್ಟನ್ನೇ ಇಲ್ಲಿ ಬರೀತಾ ಇದ್ದೇನೆ. ಆ ಹುಡುಗನ ಮೇಲೂ ಸಿಟ್ಟಿದೆ, ಆ ಹಿರಿಯರ ಮೇಲೂ ಇದೆ. ಮೂರನೆಯವನೊಬ್ಬನ ಮೇಲೂ ಇದೆ, ಅವನ ವಿಷಯ ಆಮೇಲೆ ಹೇಳ್ತೀನಿ.

ಮೊದಲು 'ಕಾಪಿ' ಅಂದವನಿಗೆ.

ತಮ್ಮಾ, ನೀನು ಹೆಸರಿಸಿದ ಡೆಡ್ ಸ್ಪೇಸ್ ಬಂದದ್ದು 2008ರಲ್ಲಿ. ಅದರ ನಾಯಕ ಐಸಾಕ್ ಕ್ಲಾರ್ಕ್. ಐಸಾಕ್ ಅಸಿಮೋವ್ ಅವರಿಂದ ಅರ್ಧ, ಆರ್ಥರ್ ಸಿ. ಕ್ಲಾರ್ಕ್ ಅವರಿಂದ ಅರ್ಧ. ಸಾಲ ಕೊಟ್ಟವರ ಹೆಸರನ್ನೇ ಹಣೆಗೆ ಅಂಟಿಸಿಕೊಂಡು ಹುಟ್ಟಿದ ಮಗು ಅದು. ಖಾಲಿ ಹಡಗು, ಕತ್ತಲೆ ಕಾರಿಡಾರ್, ಗೋಡೆಯೊಳಗೆ ಏನೋ ಸರಿದಾಡುವ ಸದ್ದು, ಇದೆಲ್ಲ 1979ರ ಏಲಿಯನ್ ಸಿನಿಮಾದ ಆಸ್ತಿ. ಅದೇ ಆಸ್ತಿಯಲ್ಲಿ 1986ರಲ್ಲೇ ಜಪಾನಿನ ಮೆಟ್ರಾಯ್ಡ್ ಪಾಲು ತಗೊಂಡಿತ್ತು. ಅದರ ರಾಕ್ಷಸನೊಬ್ಬನ ಹೆಸರೇ ರಿಡ್ಲಿ, ಏಲಿಯನ್ ನಿರ್ದೇಶಕ ರಿಡ್ಲಿ ಸ್ಕಾಟ್ ಹೆಸರು. 1998ರ ಹಾಫ್-ಲೈಫ್ ಮೇಲೆ ಸ್ಟೀಫನ್ ಕಿಂಗ್ ಬರೆದ 'ದಿ ಮಿಸ್ಟ್' ಕಥೆಯ ನೆರಳಿದೆ. 2001ರ ಹೇಲೋದಲ್ಲಿ ಆಕಾಶದಲ್ಲಿ ತೇಲುವ ಆ ಬಳೆಯಾಕಾರದ ಲೋಕ ನೋಡಿದರೆ, 1970ರಲ್ಲಿ ಲ್ಯಾರಿ ನಿವೆನ್ ಬರೆದ ರಿಂಗ್‌ವರ್ಲ್ಡ್ ಕಾದಂಬರಿ ನೆನಪಾಗದೆ ಇರೋದಿಲ್ಲ. ಇನ್ನೂ ಹಿಂದಕ್ಕೆ ಹೋಗ್ತೀಯಾ? 1962ರಲ್ಲಿ ಎಂಐಟಿಯ ಹುಡುಗರು, ಬೀರುವಿನಷ್ಟು ದೊಡ್ಡ ಕಂಪ್ಯೂಟರಿನಲ್ಲಿ ಸ್ಪೇಸ್‌ವಾರ್ ಅನ್ನೋ ಆಟ ಮಾಡಿದರು. ಅವರ ತಲೆ ತುಂಬ ಇದ್ದದ್ದು ಇ. ಇ. ಸ್ಮಿತ್ ಬರೆದ ಅಂತರಿಕ್ಷ ಯುದ್ಧದ ಅಗ್ಗದ ಕಾದಂಬರಿಗಳು. ವೈಜ್ಞಾನಿಕ ಕಥೆಯ ಗೇಮು ಹುಟ್ಟಿದ್ದೇ ಎರವಲು ಬಟ್ಟೆಯಲ್ಲಿ.

ನನ್ನ ಮಟ್ಟಿಗಂತೂ ಅದು ಎರವಲಿನ ಎರವಲಿನ ಎರವಲು. ತೊಂಬತ್ತರ ದಶಕದ ಕೊನೆ. ಹೊಸಪೇಟೆ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಿಂದ ನಮ್ಮ ಮಾವ ಒಂದು ಟಿವಿ ವಿಡಿಯೋ ಗೇಮ್ ತಂದುಕೊಟ್ಟ. ಅದರ ಡಬ್ಬಿ ಮೇಲೆ 9999 ಗೇಮ್ ಅಂತ ಬರೆದಿತ್ತು, ಒಳಗಿದ್ದದ್ದು ಏಳೋ ಎಂಟೋ. ಡಬ್ಬಿಯೂ ನಕಲಿ, ಕ್ಯಾಸೆಟ್ಟೂ ನಕಲಿ. ಅದರಲ್ಲಿ ಕಾಂಟ್ರಾ ಇತ್ತು. ಕಾಂಟ್ರಾ ಆಡದೆ ಬೆಳೆದ ನನ್ನ ವಾರಿಗೆಯ ಹುಡುಗ ಕರ್ನಾಟಕದಲ್ಲಿ ಇದ್ದಾನಾ? ಜಪಾನಿನ ಕಂಪನಿ ಮಾಡಿದ ಆಟ. ನಾಯಕರಿಬ್ಬರು ಅಚ್ಚು ಹೊಡೆದ ಹಾಗೆ ಶ್ವಾರ್ಜ್‌ನೆಗರ್ ಮತ್ತು ಸ್ಟಲೋನ್. ಕೊನೆಗೆ ಸಿಗೋ ಆ ಮಿಡಿಯೋ ಮಾಂಸದ ಮುದ್ದೆ ಏಲಿಯನ್ ಸಿನಿಮಾದ ಮನೆತನದ್ದೇ. ನಮಗೇನು ಗೊತ್ತು ಅದೆಲ್ಲ? ಕರೆಂಟ್ ಹೋಗೋದರೊಳಗೆ ಜಲಪಾತದ ಲೆವೆಲ್ ದಾಟಬೇಕು, ಅಷ್ಟೇ. ಕಥೆ ಏನು ಅಂತ ಇಂಗ್ಲಿಷಿನಲ್ಲಿ ಬರೆದಿದ್ದರೂ ಓದೋಕೆ ಬರ್ತಿರಲಿಲ್ಲ. ನಮ್ಮ ಪ್ರಕಾರ ಅದು ತುಂಗಭದ್ರಾ ಡ್ಯಾಮ್ ಹಿಂದಿನ ಕಾಡು, ಕೆಂಪು ಪ್ಯಾಂಟ್ ನಾನು, ನೀಲಿ ಪ್ಯಾಂಟ್ ನನ್ನ ತಮ್ಮ.

ಹಾಗಾಗಿ "ಎಲ್ಲಿಂದ ತಗೊಂಡೆ" ಅನ್ನೋ ಪ್ರಶ್ನೆಗೆ ನನ್ನ ಹತ್ತಿರ ಮರ್ಯಾದೆ ಇಲ್ಲ. ಎಲ್ಲರೂ ಎಲ್ಲಿಂದಲೋ ತಗೊಂಡಿದ್ದಾರೆ. ತಂದ ಮೇಲೆ ಏನು ಮಾಡಿದೆ ಅಂತ ಕೇಳಪ್ಪಾ. ಇದಕ್ಕೆ ನನಗೆ ಗೊತ್ತಿರೋ ಅತಿ ಒಳ್ಳೆಯ ಉತ್ತರ ಸ್ಟಾಕರ್ ಅನ್ನೋ ಗೇಮ್. ಅದರ ಕಥೆ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ಕೇಳಿ.

1972ರಲ್ಲಿ ರಷ್ಯಾದ ಸ್ಟ್ರುಗಾಟ್‌ಸ್ಕಿ ಅಣ್ಣತಮ್ಮಂದಿರು ಒಂದು ಕಿರುಕಾದಂಬರಿ ಬರೆದರು, ಹೆಸರು 'ರೋಡ್‌ಸೈಡ್ ಪಿಕ್‌ನಿಕ್'. ಬೇರೆ ಲೋಕದವರು ಭೂಮಿಗೆ ಬಂದು ಹೋಗಿದ್ದಾರೆ. ಯಾರ ಜೊತೆಗೂ ಮಾತಿಲ್ಲ ಕಥೆಯಿಲ್ಲ. ದಾರಿಬದಿಯಲ್ಲಿ ಬುತ್ತಿ ಉಂಡು ಎದ್ದುಹೋದವರು ಎಲೆ, ಡಬ್ಬಿ, ಸಿಗರೇಟಿನ ತುಂಡು ಬಿಟ್ಟುಹೋಗ್ತಾರಲ್ಲ, ಹಾಗೆ ಏನೇನೋ ಬಿಟ್ಟುಹೋಗಿದ್ದಾರೆ. ಆ ಜಾಗಕ್ಕೆ ಬೇಲಿ ಬಿದ್ದಿದೆ. ರಾತ್ರಿ ಬೇಲಿ ನುಸುಳಿ, ಜೀವ ಪಣಕ್ಕಿಟ್ಟು, ಆ ಕಸವನ್ನು ಹೆಕ್ಕಿ ತಂದು ಮಾರೋ ಬಡವರ ಕಥೆ ಅದು. 1979ರಲ್ಲಿ ತಾರ್ಕೋವ್‌ಸ್ಕಿ ಅದನ್ನೇ 'ಸ್ಟಾಕರ್' ಸಿನಿಮಾ ಮಾಡಿದ, ಕಥೆಯ ಮುಕ್ಕಾಲು ಭಾಗ ಕಳಚಿ ಬಿಸಾಕಿ. 1986ರ ಏಪ್ರಿಲ್‌ನಲ್ಲಿ ಚೆರ್ನೋಬಿಲ್ ಸ್ಥಾವರ ಸಿಡಿಯಿತು. ನಿಜವಾದ ಬೇಲಿ ಬಿತ್ತು, ನಿಜವಾದ ಊರುಗಳು ಖಾಲಿಯಾದವು. ಆಮೇಲೆ ಉಕ್ರೇನಿನ ಕೀವ್ ನಗರದ ಹುಡುಗರು 2007ರಲ್ಲಿ ಗೇಮ್ ಬಿಟ್ಟರು. ಹೆಸರು ಸಿನಿಮಾದ್ದು. ಬೇಲಿ, ಬೇಲಿಯೊಳಗಿನ ಮಾಯದ ವಸ್ತುಗಳು, ಮುನ್ನಡೆಯೋ ಮುಂಚೆ ನಟ್ಟು ಬೋಲ್ಟು ಎಸೆದು ದಾರಿ ಪರೀಕ್ಷಿಸೋದು, ಎಲ್ಲಾ ಆ ಪುಸ್ತಕದ್ದು. ಆದರೆ ಆ ಹುಡುಗರು ಕ್ಯಾಮರಾ ಹಿಡಕೊಂಡು ಚೆರ್ನೋಬಿಲ್ ಬೇಲಿಯೊಳಕ್ಕೇ ಹೋಗಿ, ತಮ್ಮ ದೇಶದ ತುಕ್ಕು ಹಿಡಿದ ಬಸ್ಸು, ಒಡೆದ ಕಿಟಕಿ, ಪಾಳುಬಿದ್ದ ಊರುಗಳನ್ನು ಫೋಟೋ ತೆಗೆದು ತಂದು ಆಟದೊಳಗೆ ಇಟ್ಟರು. ಪುಸ್ತಕ ಬರೆದಾಗ ಚೆರ್ನೋಬಿಲ್ ಅನಾಹುತ ಆಗಿರಲೇ ಇಲ್ಲ. ಸಾಲ ಕೊಟ್ಟವನ ಹತ್ತಿರ ಇರಲೇಬಾರದಾದ ಒಂದು ವಸ್ತುವನ್ನು ಇವರು ತಮ್ಮ ಮನೆಯಿಂದ ತಂದು ಸೇರಿಸಿದರು. ಈಗ ಹೇಳು ತಮ್ಮಾ, ಅದು ಕಾಪಿನಾ?

ಇನ್ನು ಪುರಾಣದ ಹಿರಿಯರ ಕಡೆ ಬರೋಣ. ಇವರಿಗೆ ನಾನು ಪುಸ್ತಕದ ಹೆಸರು ಹೇಳೋದಿಲ್ಲ, ನಮ್ಮೂರಿಗೇ ಕರೀತೀನಿ.

ಬನ್ನಿ ಸರ್, ಹಂಪಿಗೆ. ಶುದ್ಧ ಒರಿಜಿನಲ್ ಅಂತ ನೀವು ಎದೆಯುಬ್ಬಿಸಿ ತೋರಿಸೋ ಜಾಗ. ಕಮಲ ಮಹಲ್ ಮುಂದೆ ನಿಂತು ನೋಡಿ. ಕೆಳಗಡೆ ಸುಲ್ತಾನರ ಕಡೆಯ ಕಮಾನು, ತಲೆಯ ಮೇಲೆ ಗುಡಿಗಳದ್ದೇ ಜಾತಿಯ ಮೆಟ್ಟಿಲು ಮೆಟ್ಟಿಲಾದ ಶಿಖರ. ಅಲ್ಲಿಂದ ನಾಲ್ಕು ಹೆಜ್ಜೆ ಹಾಕಿದರೆ ಆನೆ ಲಾಯ: ಹನ್ನೊಂದು ಕೋಣೆ, ಮೇಲೆ ಗುಮ್ಮಟಗಳ ಸಾಲು. ಕದನ ಒಂದು ಕಡೆ ನಡೀತಾನೇ ಇತ್ತು, ಕಟ್ಟೋ ವಿದ್ಯೆ ಇನ್ನೊಂದು ಕಡೆ ಗಡಿ ದಾಟಿ ಬರ್ತಾನೇ ಇತ್ತು. ವಿಠ್ಠಲ ದೇವಸ್ಥಾನದ ಕಲ್ಲಿನ ರಥಕ್ಕೆ ಒಡಿಶಾದ ಕೋನಾರ್ಕ್ ಪ್ರೇರಣೆ ಅಂತ ಗೈಡುಗಳೂ ಹೇಳ್ತಾರೆ. ಆ ರಥದ ಮುಂದಿರೋ ಆನೆಗಳು ಅಸಲಿಗೆ ಅಲ್ಲಿನವೇ ಅಲ್ಲ. ಮೊದಲು ಕುದುರೆಗಳಿದ್ದವು, ಆನೆಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಯ ಹಿಂಗಾಲು ಈಗಲೂ ಕಾಣುತ್ತೆ. (ನಮ್ಮ ಕಸುಬಿನಲ್ಲೂ ಹೀಗೇ. ಹೊಸಬ ಬಂದು ಹಳೇ ಕೋಡ್ ಕಿತ್ತುಹಾಕಿ ತನ್ನದು ಅಂಟಿಸ್ತಾನೆ, ಎರಡು ಸಾಲು ಅಳಿಸೋದು ಮರೀತಾನೆ.) 1856ರಲ್ಲಿ ಗ್ರೀನ್‌ಲಾ ಅನ್ನೋ ಇಂಗ್ಲಿಷ್ ಅಧಿಕಾರಿ ತೆಗೆದ ಫೋಟೋದಲ್ಲಿ ಆ ರಥದ ಮೇಲೊಂದು ಇಟ್ಟಿಗೆಯ ಗೋಪುರವಿದೆ. ಈಗ ಅದಿಲ್ಲ. ಐವತ್ತು ರೂಪಾಯಿ ನೋಟಿನ ಮೇಲೆ ನಾವು ನೋಡೋದು ಗೋಪುರ ಹೋದ, ಆನೆ ಬಂದ ರಥವನ್ನು. ಅದಕ್ಕೇನು, ಅದು ನಮ್ಮದಲ್ವಾ? ನಮ್ಮದೇ.

ಕಲ್ಲು ಬಿಡಿ, ಕಥೆಗೇ ಬರ್ತೀನಿ. ನಮ್ಮಮ್ಮನ ತವರು ಕಂಪ್ಲಿ. ರಜಕ್ಕೆ ಹೋದಾಗ ಅಜ್ಜಿ ಹೇಳ್ತಿದ್ದ ಕಥೆ ಗಂಡುಗಲಿ ಕುಮಾರರಾಮನದು. ಕಂಪಿಲರಾಯನ ಮಗ ಗೆಳೆಯರ ಜೊತೆ ಚೆಂಡಾಡ್ತಾ ಇದ್ದಾಗ ಚೆಂಡು ಹೋಗಿ ಮಲತಾಯಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತೆ. ತರೋಕೆ ಹೋದವನ ಮೇಲೆ ಆಕೆಗೆ ಮನಸ್ಸಾಗುತ್ತೆ. ಅವನು ಒಲ್ಲೆ ಅಂದಾಗ, ತನ್ನ ಮೇಲೆ ಕೈ ಹಾಕಿದ ಅಂತ ಗಂಡನ ಹತ್ತಿರ ದೂರು ಹೇಳ್ತಾಳೆ. ತಂದೆ ಹಿಂದುಮುಂದು ನೋಡದೆ ಮಗನ ತಲೆ ತೆಗೆಯಿರಿ ಅಂತಾನೆ. ಮಂತ್ರಿ ಬೈಚಪ್ಪ ರಾಮನನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟು ಬೇರೊಂದು ತಲೆ ತೋರಿಸ್ತಾನೆ. ದೆಹಲಿಯ ಸೈನ್ಯ ಬಂದಾಗ ಸತ್ತವನು ಎದ್ದು ಬಂದ ಹಾಗೆ ರಾಮ ಹೊರಗೆ ಬರ್ತಾನೆ. ಅಜ್ಜಿ ಆ ಜಾಗದಲ್ಲಿ ಒಂದು ಕ್ಷಣ ನಿಲ್ಲಿಸಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಆಮೇಲೆ ಮುಂದುವರಿಸ್ತಿದ್ದಳು.

ಈ ಕಥೆಯ ಮೊದಲರ್ಧ ಕಂಪ್ಲಿಯದ್ದಲ್ಲ. ಮಲಮಗನ ಮೇಲೆ ಮನಸ್ಸಿಟ್ಟು, ಅವನು ಒಲ್ಲೆ ಅಂದ ಮೇಲೆ ಸೇಡು ತೀರಿಸಿಕೊಳ್ಳೋ ರಾಣಿ ಗ್ರೀಕರಲ್ಲಿ ಫೀಡ್ರಾ, ಅಶೋಕನ ಮಗ ಕುಣಾಲನ ಕಥೆಯಲ್ಲಿ ತಿಷ್ಯರಕ್ಷಿತೆ, ತೆಲುಗು ಸೀಮೆಯ ಸಾರಂಗಧರನ ಕಥೆಯಲ್ಲಿ ಚಿತ್ರಾಂಗಿ. ಊರೂರು ಅಲೆದು ಬಂದ ಕಥೆ. ಇದನ್ನು ಕಂಪ್ಲಿ ಸೀಮೆಯವರು ಬರಮಾಡಿಕೊಂಡು ತಮ್ಮ ಕುಮ್ಮಟದುರ್ಗದಲ್ಲಿ ಕೂರಿಸಿದರು. 1327ರ ಸುಮಾರಿಗೆ ಮಹಮ್ಮದ್ ಬಿನ್ ತುಘಲಕ್‌ನ ದಂಡು ಬಂದು ಕಂಪಿಲಿ ರಾಜ್ಯವನ್ನೇ ಅಳಿಸಿಹಾಕಿದ್ದು ನಿಜವಾದ ಇತಿಹಾಸ. ಶರಣು ಬಂದ ಬಹಾವುದ್ದೀನ್ ಗುರ್ಶಾಸ್ಪ್ ಅನ್ನೋ ದೆಹಲಿಯ ಬಂಡಾಯಗಾರನಿಗೆ ಆಶ್ರಯ ಕೊಟ್ಟದ್ದಕ್ಕೆ ತೆತ್ತ ಬೆಲೆ ಅದು. ಆ ಸೋಲಿನ ನೋವನ್ನು ಈ ಅಲೆಮಾರಿ ಕಥೆಯೊಳಗೆ ಹಾಕಿ ಹೊಲಿದರು. ನಂಜುಂಡ ಕವಿ ಸಾಂಗತ್ಯದಲ್ಲಿ ಬರೆದ, ಜನ ಹಾಡಿದರು, ಪೂಜೆ ಮಾಡಿದರು. "ಅಜ್ಜೀ, ಇದು ಗ್ರೀಕರ ಕಾಪಿ" ಅಂತ ನಾನು ಅಂದಿದ್ದರೆ ಅಡಕೊತ್ತಿನಲ್ಲಿ ಹೊಡೀತಿದ್ದಳು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಆ ಹಿರಿಯರು "ಪುರಾಣದಿಂದ ತಗೊಳ್ಳಿ, ಒರಿಜಿನಲ್ ಆಗುತ್ತೆ" ಅಂದರಲ್ಲ, ಅದೂ ತಗೊಳ್ಳೋದೇ ಅಲ್ವಾ? ಪುಷ್ಪಕ ವಿಮಾನಕ್ಕೆ ಎರಡು ಜೆಟ್ ಎಂಜಿನ್ ಕಟ್ಟಿ, ಬ್ರಹ್ಮಾಸ್ತ್ರಕ್ಕೆ ನೀಲಿ ಲೇಸರ್ ಬಣ್ಣ ಹಚ್ಚಿ, ಹನುಮಂತನಿಗೆ ಐರನ್ ಮ್ಯಾನ್ ಕವಚ ತೊಡಿಸಿದ ಪೋಸ್ಟರ್‌ಗಳನ್ನು ನಾವು ಎಷ್ಟು ನೋಡಿಲ್ಲ? ಅಲ್ಲಿ ಸಾಲ ಎರಡೆರಡು ಕಡೆ: ಅಜ್ಜನ ಪೆಟ್ಟಿಗೆಯಿಂದಲೂ, ಹಾಲಿವುಡ್ಡಿನಿಂದಲೂ. ಸ್ವಂತದ್ದು ಎಂಟಾಣೆ ಇಲ್ಲ. ಅಜ್ಜನ ಪೆಟ್ಟಿಗೆಯಿಂದ ತಗೊಂಡರೆ ಕೇಳೋರಿಲ್ಲ ಅನ್ನೋದೊಂದೇ ವ್ಯತ್ಯಾಸ. ನನಗೆ ಪುರಾಣದ ಮೇಲೆ ಮುನಿಸಿಲ್ಲ. ಅಂಜನಾದ್ರಿ ಕಾಣುವ ಸೀಮೆಯವನು ನಾನು. ನಮ್ಮ ಕಡೆ ಮಕ್ಕಳಿಗೆ ವಾಲಿ ಸುಗ್ರೀವರು ಪಕ್ಕದ ಊರಿನ ಅಣ್ಣತಮ್ಮಂದಿರಿದ್ದ ಹಾಗೆ. ಆದರೆ "ನಮ್ಮಲ್ಲಿ ಮೊದಲೇ ಎಲ್ಲಾ ಇತ್ತು" ಅನ್ನೋ ಮಾತಿಗೆ ವೈಜ್ಞಾನಿಕ ಕಥೆಯಲ್ಲಿ ಜಾಗ ಇಲ್ಲ. ಆ ಜಾತಿಯ ಕಥೆ ಶುರುವಾಗೋದೇ "ಹೀಗೆ ಆದರೆ ಮುಂದೇನು" ಅನ್ನೋ ದಿಗಿಲಿನಿಂದ.

ಹೊರಗಿನವರು ನಮ್ಮಿಂದ ತಗೊಂಡದ್ದೂ ಇದೆ. 2017ರ 'ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ' ನಮ್ಮ ಪಶ್ಚಿಮ ಘಟ್ಟದಲ್ಲೇ ನಡೆಯುತ್ತೆ, ಹೊಯ್ಸಳರ ನಿಧಿ ಹುಡುಕೋ ಕಥೆ. ಹಳೇಬೀಡು, ಬೇಲೂರು ಅನ್ನೋ ಹೆಸರು ಕೇಳಿ ಮೈ ಜುಮ್ಮೆಂದಿತ್ತು. ಆಡಿ ನೋಡಿದರೆ ಜಲಪಾತದ ಪಕ್ಕ ಮುಗಿಲೆತ್ತರದ ವಿಗ್ರಹಗಳು. ಹೊಯ್ಸಳರ ಹೆಚ್ಚುಗಾರಿಕೆ ಇರೋದು ಅಂಗೈಯಗಲದ ಕಲ್ಲಿನಲ್ಲಿ ಸರದ ಎಳೆ ಎಳೆ ಬಿಡಿಸೋದರಲ್ಲಿ. ಕ್ಯಾಲಿಫೋರ್ನಿಯಾದವರು ಎತ್ತರ ತಗೊಂಡು ಬಂದರು, ನಾಜೂಕು ಬಿಟ್ಟರು. ಅವರನ್ನು ಬಯ್ಯೋಕೂ ನನಗೆ ಬಾಯಿಲ್ಲ. 1997ರಲ್ಲೇ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಶುರುವಾಯ್ತು. ಹೊರದೇಶದ ದೊಡ್ಡ ದೊಡ್ಡ ಗೇಮ್‌ಗಳಿಗೆ ಬೇಕಾದ ಕಲಾಕೆಲಸ ಮಾಡಿಕೊಟ್ಟಿತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕೊಂಡುಕೊಂಡಿತು. ಇಪ್ಪತ್ತು ವರ್ಷಕ್ಕೂ ಮೇಲೆ ನಮ್ಮ ಹುಡುಗರ ಬೆರಳು ಅದೇ ಕೆಲಸದಲ್ಲಿ ಪಳಗಿದೆ. ಬೆರಳಿಗೆ ಏನೂ ಕಮ್ಮಿ ಇಲ್ಲ.

ಈಗ ಮೂರನೆಯವನು. ಅವನು ನಾನೇ.

ಕಾಪಿ ಅಂದವನ ಬಾಯಿ ಮುಚ್ಚಿಸೋಕೆ ಇಷ್ಟೆಲ್ಲ ಸಾಕ್ಷಿ ಒಟ್ಟು ಮಾಡಿದೆನಲ್ಲ, ಮಾಡ್ತಾ ಮಾಡ್ತಾ ನನಗೇ ಕಸಿವಿಸಿ ಶುರುವಾಯ್ತು. ಸ್ಟಾಕರ್ ಹುಡುಗರು ಚೆರ್ನೋಬಿಲ್ ಬೇಲಿಯೊಳಕ್ಕೆ ಹೋದರು. ನಾನು ಎಲ್ಲಿಗೆ ಹೋಗಿದ್ದೆ?

ದಸರಾ ರಜಕ್ಕೆ ಊರಿಗೆ ಹೋದಾಗ ಅಪ್ಪನಿಗೆ ಆ ಗೇಮ್ ತೋರಿಸಿದ್ದೆ. ನಮ್ಮೂರು ಹೊಸಪೇಟೆಯಿಂದ ಸಂಡೂರಿಗೆ ಹೋಗೋ ದಿಕ್ಕಿನಲ್ಲಿದೆ. ಅಪ್ಪ ಕನ್ನಡಕ ಹಾಕ್ಕೊಂಡು ಐದು ನಿಮಿಷ ಸುಮ್ಮನೆ ನೋಡಿದ. ಗಣಿಯಿಂದ ಧೂಳೆದ್ದು ಪರದೆ ತುಂಬಿತು. "ಇದು ಮೈನ್ಸ್ ಅಲ್ಲೇನಲೇ?" ಅಂದ. ಹೌದಪ್ಪಾ ಅಂದೆ. "ಮತ್ತೆ ಧೂಳು ಯಾಕೆ ಬೂದಿ ಬಣ್ಣ ಐತೆ?"

ಯಾಕೆ ಅಂದರೆ, ಪುಕ್ಕಟೆ ಸಿಗೋ ಧೂಳಿನ ಎಫೆಕ್ಟ್ ಅದೇ ಬಣ್ಣದಲ್ಲಿ ಬರುತ್ತೆ. ಅದನ್ನು ಅಪ್ಪನಿಗೆ ಹೇಳಲಿಲ್ಲ. ಬೇರೆ ಗ್ರಹ ಅಲ್ವಾಪ್ಪಾ ಅಂದೆ.

ನಾನು ಬಿಇ ಓದಿದ್ದು ಕೆಂಪು ಧೂಳಿನ ದುಡ್ಡಿನಲ್ಲಿ. ಬೀಜಿಂಗ್ ಒಲಿಂಪಿಕ್ಸ್ ಹೊತ್ತಿಗೆ ಚೀನಾಕ್ಕೆ ಎಷ್ಟು ಉಕ್ಕಿದ್ದರೂ ಸಾಲದು, ಅದಿರಿಗೆ ಬೆಲೆ ಬಂತು. ಅಪ್ಪ ಎರಡು ಎಕರೆ ಒತ್ತೆ ಇಟ್ಟು, ಫೈನಾನ್ಸ್‌ನಲ್ಲಿ ಒಂದು ಟಿಪ್ಪರ್ ತಗೊಂಡ. ನಮ್ಮೂರಲ್ಲಿ ಅಂಥವರು ಹದಿನೇಳು ಜನ. ಹಗಲು ರಾತ್ರಿ ಲಾರಿ. ತುಳಸಿ ಗಿಡ ಕೆಂಪು, ಜೋಳದ ಗರಿ ಕೆಂಪು, ಒಣಗಿ ಹಾಕಿದ ಬಿಳಿ ಪಂಚೆ ಕೆಂಪು. ಅಮ್ಮ ಮೂಗು ಸೀಟಿದರೆ ಸೆರಗು ಕೆಂಪು. ಎಲ್ಲರೂ ಕೆಮ್ಮುತ್ತಿದ್ದೆವು, ಎಲ್ಲರ ಮನೆಗೂ ಟೈಲ್ಸ್ ಬಿತ್ತು. ಫೀಸ್ ಕಟ್ಟೋಕೆ ಅಪ್ಪ ಕೊಟ್ಟ ನೋಟುಗಳಿಗೂ ಆ ಬಣ್ಣ ಹತ್ತಿರ್ತಿತ್ತು. ಬಳ್ಳಾರಿಯ ಕಾಲೇಜಿನ ಕೌಂಟರಿನಲ್ಲಿ ಆ ನೋಟು ಎಣಿಸೋನು ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡದ್ದು ನನಗೆ ಇನ್ನೂ ನೆನಪಿದೆ.

2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂತು. ಅದೇ ತಿಂಗಳು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ತಡೆ ಹಾಕಿತು. ಆ ವರ್ಷಗಳಲ್ಲಿ ಇಲ್ಲಿ ನಡೆದದ್ದನ್ನು ಯಾವ ಅನ್ಯಗ್ರಹದ ಕಥೆಗಾರ ಬರೀತಿದ್ದ ಹೇಳಿ? ಎರಡು ರಾಜ್ಯಗಳ ನಡುವಿನ ಗಡಿ ಗುರುತೇ ಅಗೆದು ಹೋಗಿ, ಗಡಿ ಎಲ್ಲಿ ಅಂತ ಮತ್ತೆ ಅಳೀಬೇಕಾಯ್ತು. ಬೇಲೆಕೇರಿ ಬಂದರಿನಲ್ಲಿ ಸರ್ಕಾರ ಜಪ್ತಿ ಮಾಡಿಟ್ಟಿದ್ದ ಲಕ್ಷಗಟ್ಟಲೆ ಟನ್ ಅದಿರು 2010ರಲ್ಲಿ ಮಾಯವಾಯ್ತು. ಬೆಟ್ಟವೇ ಹಡಗು ಹತ್ತಿ ಹೋಯ್ತು ಸ್ವಾಮೀ. ಡೆಡ್ ಸ್ಪೇಸ್‌ನಲ್ಲಿ ಗ್ರಹ ಒಡೆದು ಅದಿರು ತೆಗೆಯೋ ಹಡಗು ಬಂದಾಗ ಅಮೆರಿಕದ ಹುಡುಗರು ಎಂಥಾ ಕಲ್ಪನೆ ಅಂತ ಬಾಯಿ ಬಿಟ್ಟಿರಬಹುದು. ಸಂಡೂರಿನ ಹುಡುಗನಿಗೆ ಅದು ಕಿಟಕಿ ಆಚೆ ನೋಡಿದ ಹಾಗೆ.

ತಡೆ ಬಿದ್ದ ದಿನದಿಂದ ನಮ್ಮ ಟಿಪ್ಪರ್ ಮನೆ ಮುಂದೆ ನಿಂತಿತು. ಏಳು ತಿಂಗಳ ಮೇಲೆ ಫೈನಾನ್ಸಿನವರು ಬಂದು ಎಳಕೊಂಡು ಹೋದರು. ಅಪ್ಪ ಆಗ ಕೋರ್ಟನ್ನು ಬಯ್ದ, ಚಳವಳಿ ಮಾಡಿದವರನ್ನು ಬಯ್ದ, ಪೇಪರಿನವರನ್ನು ಬಯ್ದ. ಮೈನ್ಸ್ ಮತ್ತೆ ತೆಗೆಯಲಿ ಅಂತ ದೇವರಿಗೆ ಹರಕೆ ಹೊತ್ತ. ಅಮ್ಮ ಮಾತ್ರ ಆ ವರ್ಷ ತುಳಸಿ ಹಸಿರಾಯ್ತು ಅಂತ ಯಾರಿಗೂ ಕೇಳದ ಹಾಗೆ ನನಗೆ ಹೇಳಿದಳು.

ಗಣಿ ಕಥೆಯ ಗೇಮ್‌ಗಳನ್ನು ನಾನು ಬಹಳ ಆಡಿದ್ದೇನೆ. 2001ರ ರೆಡ್ ಫ್ಯಾಕ್ಷನ್‌ನಲ್ಲಿ ಮಂಗಳ ಗ್ರಹದ ಗಣಿ ಕೂಲಿಗಳು ಕಂಪನಿಯ ವಿರುದ್ಧ ದಂಗೆ ಏಳ್ತಾರೆ. ಅಲ್ಲಿಯ ಧೂಳಂತೂ ನಮ್ಮೂರದ್ದೇ ಬಣ್ಣ. ಆದರೆ ಅಲ್ಲಿ ಕಂಪನಿ ಕೆಟ್ಟದ್ದು, ಕೂಲಿ ಒಳ್ಳೆಯವನು, ಗುಂಡು ಹೊಡಿ, ಮುಗೀತು. ಒಂದು ಟಿಪ್ಪರ್ ಇಟ್ಟುಕೊಂಡು, ಕೆಮ್ಮುತ್ತಾ, ಮಗನ ಫೀಸಿಗೆ ಇನ್ನೆರಡು ಟ್ರಿಪ್ ಹೆಚ್ಚಿಗೆ ಹೊಡೆದು, ಪರ್ಮಿಟ್‌ನಲ್ಲಿ ಬರೆದದ್ದಕ್ಕಿಂತ ಜಾಸ್ತಿ ಲೋಡ್ ಇದೆ ಅಂತ ಗೊತ್ತಿದ್ದೂ ಗೇರ್ ಹಾಕೋ ಮನುಷ್ಯ ಆ ಗೇಮ್‌ಗಳಲ್ಲಿ ಎಲ್ಲೂ ಇಲ್ಲ. ಅವನು ಕಂಪನಿಯ ಕಡೆಯವನಾ, ಊರಿನ ಕಡೆಯವನಾ? ಆ ಮನುಷ್ಯ ನಮ್ಮ ಮನೆಯಲ್ಲಿದ್ದ. ಅವನನ್ನು ಬಿಟ್ಟು ನಾನು ರೇ ಅನ್ನೋ ಎಂಜಿನಿಯರನ್ನು ಬೇರೆ ಗ್ರಹದಲ್ಲಿ ಇಳಿಸಿದೆ.

ಡೆಡ್ ಸ್ಪೇಸ್‌ನಿಂದ ತಗೊಂಡದ್ದಕ್ಕೆ ನನಗೆ ನಾಚಿಕೆ ಇಲ್ಲ. ಅದರ ಹಿಂದೆ ಅವಿತುಕೊಂಡದ್ದಕ್ಕೆ ಇದೆ. ಬೇರೆಯವರ ಗ್ರಹದಲ್ಲಿ ಕಥೆ ನಡೆಸಿದರೆ ಅಪ್ಪನ ಟ್ರಿಪ್ಪುಗಳ ಲೆಕ್ಕ ಯಾರೂ ಕೇಳೋದಿಲ್ಲ, ನನ್ನ ಫೀಸಿನ ಲೆಕ್ಕವನ್ನೂ ಕೇಳೋದಿಲ್ಲ. ಆ ಹುಡುಗ 'ಕಾಪಿ' ಅಂದಾಗ ಚುಚ್ಚಿದ್ದು ಬಹುಶಃ ಇದೇ ಇರಬೇಕು, ಅವನಿಗೆ ಇದೆಲ್ಲ ಗೊತ್ತಿಲ್ಲದಿದ್ದರೂ.

ಗೆಳೆಯರಿಬ್ಬರಿಗೂ ಹೇಳಿದೆ. ಒಬ್ಬ, "ಮಾರ್ಕೆಟ್ ಇರಲ್ಲ ಮಗಾ" ಅಂದ, ಇನ್ನೂ ಜೊತೆಗೇ ಇದ್ದಾನೆ. ಖಾಲಿ ಗಣಿ ಹಾಗೇ ಇಟ್ಟುಕೊಂಡಿದ್ದೇವೆ, ಕತ್ತಲೆ ಕಾರಿಡಾರೂ ಇದೆ, ಅವು ಡೆಡ್ ಸ್ಪೇಸ್‌ನದ್ದೇ, ಕೇಳಿದವರಿಗೆ ಹೇಳ್ತೀವಿ. ರೇ ಹೋದ. ಈಗ ಇರೋದು ಒಂದು ಲಾರಿ, ಅದರ ಡ್ರೈವರ್, ಮತ್ತು ಎಷ್ಟು ತೂಕ ಹೇರಬೇಕು ಅನ್ನೋ ಪ್ರಶ್ನೆ. ಧೂಳಿನ ಬಣ್ಣ ಬದಲಾಯಿಸೋಕೆ ಒಂದು ನಿಮಿಷ ಹಿಡೀತು. ಅಪ್ಪನ ಪಾತ್ರಕ್ಕೆ ಮಾತು ಬರೆಯೋಕೆ ನಾಲ್ಕು ತಿಂಗಳಿಂದ ಆಗ್ತಾ ಇಲ್ಲ.

ಹೋದ ವಾರ ಫೋನ್ ಮಾಡಿ, ಹಳೇ ಟ್ರಿಪ್ ಚೀಟಿಗಳು ಏನಾದರೂ ಉಳಿದಾವಾ ಅಂತ ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ದೇವರ ಫೋಟೋ ಹಿಂದೆ ಪ್ಲಾಸ್ಟಿಕ್ ಕವರ್‌ನಾಗ ಅದಾವು, ಎಲ್ಲಾ ಇಟ್ಟೀನಿ" ಅಂದ. "ಆದರ ಅದರಾಗ ಬರದದ್ದು ಖರೇ ಲೆಕ್ಕ ಅಲ್ಲಲೇ. ಖರೇ ಲೆಕ್ಕ ಬೇಕಂದ್ರ ಬಾ, ಕುಂತು ಹೇಳ್ತೀನಿ." ಶುಕ್ರವಾರ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಆಗಿದೆ.